ಅಮ್ಮನ ಫೋನು, ಮಗುವಿನ ಸುರಕ್ಷತೆ

ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳಿಗೆ ಮೊದಲು ತಡೆ ಹಾಕಿತು, ಆಮೇಲೆ ಸಮಯದ ಮಿತಿ ಹಾಕಿತು. ಜುಲೈ 8ರಂದು ಹೈಕೋರ್ಟು ಆ ಆದೇಶಗಳಿಗೆ ತಡೆಯಾಜ್ಞೆ ಕೊಟ್ಟು, ಮೇಲ್ನೋಟಕ್ಕೇ ಅವು ಸಂವಿಧಾನದ 21 ಮತ್ತು 21ಎ ವಿಧಿಗಳಿಗೆ ವಿರುದ್ಧವೆಂದಿತು. ಆ ವಾರಗಳಲ್ಲಿ ಪತ್ರಿಕೆಗಳಲ್ಲೂ ಟಿವಿಯಲ್ಲೂ ನಡೆದ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಆರೇಳು ವರ್ಷದ ಮಗುವಿನ ಕೈಗೆ ಫೋನು ಕೊಡಬೇಕೆ, ಬೇಡವೆ? ಕಣ್ಣಿನ ವೈದ್ಯರು, ಮನೋವೈದ್ಯರು, ಶಾಲಾ ಆಡಳಿತ ಮಂಡಳಿಗಳು, ಪೋಷಕರು ಎಲ್ಲರೂ ಮಾತಾಡಿದರು. ಕೊಟ್ಟ ಮೇಲೆ ಆ ಮಗುವಿಗೆ ಏನು ಕಲಿಸಬೇಕು ಎಂಬ ಮಾತು ಮಾತ್ರ ಮೂಲೆಗೆ ಸರಿಯಿತು. ಶಾಲೆಗಳು ಮತ್ತೆ ತೆರೆದವು, ಬೆಂಚುಗಳು ತುಂಬಿದವು, ಆದರೆ ಮನೆಗೆ ಬಂದ ಫೋನು ಹಿಂದಕ್ಕೆ ಹೋಗಲಿಲ್ಲ.

ಗ್ರಾಮೀಣ ಭಾರತದಲ್ಲಿ ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನು ಎಷ್ಟಿದೆ ಎಂಬುದನ್ನು ಪ್ರಥಮ್ ಸಂಸ್ಥೆಯ ಅಸರ್ ವರದಿಗಳು ಲೆಕ್ಕ ಹಾಕುತ್ತ ಬಂದಿವೆ. 2018ರಲ್ಲಿ ಶೇ 36.5 ಮನೆಗಳಲ್ಲಿ ಇದ್ದದ್ದು 2020ರಲ್ಲಿ ಶೇ 61.8ಕ್ಕೆ, 2022ರಲ್ಲಿ ಶೇ 74.8ಕ್ಕೆ ಏರಿತು. ನಾಲ್ಕೇ ವರ್ಷದಲ್ಲಿ ಎರಡು ಪಟ್ಟು. 2024ರ ವರದಿ 14ರಿಂದ 16 ವರ್ಷದ ಮಕ್ಕಳನ್ನು ಇನ್ನೊಂದು ಪ್ರಶ್ನೆ ಕೇಳಿತು. ಸಾಮಾಜಿಕ ಜಾಲತಾಣ ಬಳಸುವವರಲ್ಲಿ ಒಬ್ಬರನ್ನು ಬ್ಲಾಕ್ ಮಾಡುವುದು ಅಥವಾ ದೂರು ಕೊಡುವುದು ಹೇಗೆಂದು ಗೊತ್ತಿದ್ದವರು ಸುಮಾರು ಶೇ 62, ಪಾಸ್‌ವರ್ಡ್ ಬದಲಿಸಲು ಗೊತ್ತಿದ್ದವರು ಅರ್ಧಕ್ಕಿಂತ ತುಸು ಹೆಚ್ಚು. ಹತ್ತನೇ ತರಗತಿಯ ಹೊಸ್ತಿಲಲ್ಲಿ ನಿಂತ ಮಕ್ಕಳ ಕಥೆ ಇದು. ಇವರಲ್ಲಿ ಎಷ್ಟೋ ಮಂದಿ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಫೋನು ಹಿಡಿದವರು. ನಡುವಿನ ವರ್ಷಗಳಲ್ಲಿ ಶಾಲೆ ಅವರಿಗೆ ಈ ವಿಷಯದಲ್ಲಿ ಕಲಿಸಿದ್ದು ತೀರಾ ಕಡಿಮೆ ಎಂದೇ ಈ ಅಂಕಿಗಳನ್ನು ನಾನು ಓದುತ್ತೇನೆ.

ಆನ್‌ಲೈನ್ ಸುರಕ್ಷತೆಯ ಬಗ್ಗೆ ಬರುವ ಸಾಹಿತ್ಯದಲ್ಲಿ ಹೆಚ್ಚಿನದು ಒಂದು ಕಲ್ಪನೆಯ ಮೇಲೆ ನಿಂತಿದೆ: ಮಗುವಿಗೆ ತನ್ನದೇ ಫೋನು ಅಥವಾ ಟ್ಯಾಬ್ ಇದೆ, ತನ್ನದೇ ಖಾತೆ ಇದೆ, ತನ್ನದೇ ಕೋಣೆ ಇದೆ. ನಮ್ಮ ಬಹುಪಾಲು ಮನೆಗಳ ಪರಿಸ್ಥಿತಿ ಹಾಗಿಲ್ಲ. ಫೋನು ಅಮ್ಮನದು, ಇಲ್ಲವೇ ಸಂಜೆ ಕೆಲಸದಿಂದ ಬರುವ ಅಪ್ಪನದು. ಯೂಟ್ಯೂಬ್ ಖಾತೆಗೆ ಅಮ್ಮನ ಹೆಸರು, ಅಮ್ಮನ ವಯಸ್ಸು. ಅದೇ ಫೋನಿನಲ್ಲಿ ಬ್ಯಾಂಕಿನ ಒಟಿಪಿ ಬರುತ್ತದೆ, ಸ್ತ್ರೀಶಕ್ತಿ ಸಂಘದ ವಾಟ್ಸ್‌ಆ್ಯಪ್ ಗುಂಪು ಇದೆ, ಫೋನ್‌ಪೇ ಇದೆ, ಮಾವ ಕಳಿಸಿದ ಫಾರ್ವರ್ಡುಗಳಿವೆ. ಮಗು ಅದರಲ್ಲಿ ಅರ್ಧ ಗಂಟೆ ಕಾರ್ಟೂನ್ ನೋಡುತ್ತದೆ, ಮುಂದಿನ ವಿಡಿಯೊ ತಾನಾಗಿಯೇ ಬರುತ್ತದೆ, ಅದರ ಮುಂದಿನದೂ ಬರುತ್ತದೆ. ಅಕ್ಷರ ಇನ್ನೂ ಕೂಡಿ ಬರದ ಮಗು ಮೈಕಿನ ಗುರುತು ಒತ್ತಿ ತನಗೆ ಬೇಕಾದದ್ದನ್ನು ಬಾಯಲ್ಲೇ ಹೇಳಿ ಹುಡುಕುತ್ತದೆ. ಓದಲು ಬಂದ ಮೇಲೆ ಇಂಟರ್‌ನೆಟ್ ಪಾಠ ಎಂದು ನಾವು ಮುಂದೂಡಿಕೊಂಡು ಬಂದ ಗಡಿ ಹೀಗೆ ತಾನಾಗಿಯೇ ಅಳಿಸಿಹೋಗಿದೆ.

ಇನ್ನೊಂದು ಸಂಗತಿಯೂ ಇದೆ. ಎಷ್ಟೋ ಮನೆಗಳಲ್ಲಿ ಫೋನಿನ ವಿಷಯ ಹೆಚ್ಚು ಬಲ್ಲವರು ಮಕ್ಕಳೇ. ಅಜ್ಜಿಗೆ ವಿಡಿಯೊ ಕಾಲ್ ಹಚ್ಚಿಕೊಡುವವನು ಮೊಮ್ಮಗ, ಅಮ್ಮನಿಗೆ ಬಂದ ಇಂಗ್ಲಿಷ್ ಸಂದೇಶ ಓದಿ ಹೇಳುವವಳು ನಾಲ್ಕನೇ ತರಗತಿಯ ಮಗಳು. ರಸ್ತೆ ದಾಟುವುದನ್ನು, ಬಾವಿಯ ಹತ್ತಿರ ಹೋಗದಿರುವುದನ್ನು ಕಲಿಸಿದ ಹಿರಿಯರಿಗೆ ಆ ರಸ್ತೆಯೂ ಬಾವಿಯೂ ಮೊದಲೇ ಗೊತ್ತಿದ್ದವು. ಇಲ್ಲಿ ಕಲಿಸಬೇಕಾದವರೇ ದಾರಿ ಕೇಳುವ ಸ್ಥಿತಿಯಲ್ಲಿದ್ದಾರೆ. ಮಗುವಿನ ಸುರಕ್ಷತೆಯ ಪಾಠ ಮನೆಯ ಹಿರಿಯರನ್ನು ಬಿಟ್ಟು ನಡೆಯಲಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಪಾಯಗಳು ಯಾವುವು? ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಸೋನಿಯಾ ಲಿವಿಂಗ್‌ಸ್ಟನ್ 2006ರಿಂದ ಇಯು ಕಿಡ್ಸ್ ಆನ್‌ಲೈನ್ ಎಂಬ ಸಂಶೋಧನಾ ಬಳಗ ಕಟ್ಟಿ ಯುರೋಪಿನ ಮಕ್ಕಳ ಬದುಕನ್ನು ಅಧ್ಯಯನ ಮಾಡುತ್ತಿದ್ದಾರೆ. ಅಪಾಯಗಳನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಮಗು ನೋಡುವ ವಿಷಯ, ಮಗುವನ್ನು ಸಂಪರ್ಕಿಸುವ ಜನ, ಮಕ್ಕಳು ಪರಸ್ಪರ ನಡೆದುಕೊಳ್ಳುವ ರೀತಿ, ಮಗುವಿನಿಂದ ಹಣವನ್ನೋ ಮಾಹಿತಿಯನ್ನೋ ಪಡೆಯುವ ವ್ಯಾಪಾರ. ಅವರ ಕೆಲಸದಿಂದ ಮೂಡುವ ಇನ್ನೊಂದು ವಿವೇಕವನ್ನು ನಮ್ಮಲ್ಲಿ ಹೆಚ್ಚು ಜನ ಕೇಳಿಸಿಕೊಂಡಿಲ್ಲ. ಅಪಾಯ ಎದುರಾದ ಪ್ರತಿ ಮಗುವಿಗೂ ಹಾನಿಯಾಗುವುದಿಲ್ಲ. ಬರೀ ತಡೆಯುವ ಮನೆಗಳಲ್ಲಿ ಅಪಾಯ ಕಡಿಮೆಯಾಗುತ್ತದೆ ನಿಜ, ಜೊತೆಗೆ ಕಲಿಯುವ ಅವಕಾಶವೂ ಕಡಿಮೆಯಾಗುತ್ತದೆ. ಮಗುವಿನ ಜೊತೆ ಕೂತು ನೋಡುವ, ಮಾತಾಡುವ ಮನೆಗಳಲ್ಲಿ ಮಗು ಕೌಶಲ ಕಲಿಯುತ್ತದೆ.

ನೋಡುವ ವಿಷಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿದೆ. 2017ರಲ್ಲಿ ಜನಪ್ರಿಯ ಕಾರ್ಟೂನ್ ಪಾತ್ರಗಳ ವೇಷ ತೊಡಿಸಿದ ಹಿಂಸೆಯ, ಅಸಹ್ಯದ ವಿಡಿಯೊಗಳು ಯೂಟ್ಯೂಬಿನಲ್ಲಿ ಮಕ್ಕಳಿಗೆ ಸಿಗುತ್ತಿವೆ ಎಂದು ಬಯಲಾಗಿ ಜಗತ್ತಿನಾದ್ಯಂತ ಗದ್ದಲವಾಯಿತು. ಕಾರ್ಟೂನ್ ಎಂದ ಮಾತ್ರಕ್ಕೆ ಮಕ್ಕಳದ್ದಲ್ಲ ಎಂಬ ತಿಳಿವಳಿಕೆಯಷ್ಟೇ ಅದರಿಂದ ನಮಗೆ ಬೇಕಾದದ್ದು.

ಸಂಪರ್ಕದ ಅಪಾಯದ ಬಗ್ಗೆ ತುಸು ನಿಲ್ಲಬೇಕು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದೆಲ್ಲ ಯಾಕೆ, ಅವು ಇನ್ನೂ ಕೂಸುಗಳು ಎನ್ನುವವರಿಗೆ ಬ್ರಿಟನ್ನಿನ ಇಂಟರ್‌ನೆಟ್ ವಾಚ್ ಫೌಂಡೇಶನ್ನಿನ ವರದಿ ಉತ್ತರ ಕೊಡುತ್ತದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹುಡುಕಿ ತೆಗೆಸುವ ಸಂಸ್ಥೆ ಇದು. ಯಾರದೋ ಮಾತಿಗೆ, ಒತ್ತಡಕ್ಕೆ ಸಿಕ್ಕಿ ಮಕ್ಕಳು ತಾವೇ ಕ್ಯಾಮೆರಾ ಮುಂದೆ ತೆಗೆದುಕೊಂಡ ಚಿತ್ರಗಳ ಪೈಕಿ 7ರಿಂದ 10 ವರ್ಷದ ಮಕ್ಕಳಿದ್ದ ಪ್ರಕರಣಗಳು 2022ರಲ್ಲಿ ಅರವತ್ತು ಸಾವಿರ ದಾಟಿದವು, ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚು. ಆ ಮಕ್ಕಳಲ್ಲಿ ಅನೇಕರು ತಮ್ಮದೇ ಮನೆಯಲ್ಲಿದ್ದರು. ಹೊರಗಿನಿಂದ ಯಾರೂ ಬಾಗಿಲು ತಟ್ಟಿರಲಿಲ್ಲ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ‘ಯಾರ ಮಗ ನೀನು? ಯಾವೂರು? ಎಷ್ಟನೇ ಕ್ಲಾಸು? ಅಪ್ಪ ಏನು ಮಾಡ್ತಾರೆ?’ ಎಂದು ಹಿರಿಯರು ಕೇಳಿದರೆ ಥಟ್ಟನೆ ಉತ್ತರಿಸುವುದು ನಾವು ಕಲಿಸಿದ ಸಭ್ಯತೆ. ಉತ್ತರಿಸದೆ ನಿಂತ ಮಗುವಿಗೆ ‘ಮಾತಾಡೋ, ಕೇಳ್ತಿದ್ದಾರಲ್ಲ’ ಎಂದು ನಾವೇ ತಿವಿಯುತ್ತೇವೆ. ದೊಡ್ಡವರು ಹೇಳಿದಂತೆ ಕೇಳಬೇಕು, ಎದುರು ಮಾತಾಡಬಾರದು ಎಂಬುದೂ ನಾವು ಕೊಟ್ಟ ಪಾಠವೇ. ಆಟದ ಆ್ಯಪಿನಲ್ಲಿ ಪಕ್ಕದ ತಂಡದ ‘ಅಣ್ಣ’ ಇದೇ ಪ್ರಶ್ನೆಗಳನ್ನು ಕೇಳಿದಾಗ ಮಗು ಇದೇ ಸಭ್ಯತೆಯಿಂದ ಉತ್ತರಿಸುತ್ತದೆ. ಇಷ್ಟು ವರ್ಷ ಹೇಳದ ಮಾತನ್ನು ನಾವು ಈಗ ಹೇಳಬೇಕಾಗಿದೆ: ದೊಡ್ಡವರು ಕೇಳಿದರೂ ಉತ್ತರ ಕೊಡದೆ ಇರಬಹುದಾದ ಜಾಗಗಳಿವೆ, ಅಲ್ಲಿ ಸುಮ್ಮನಿರುವುದು ಅವಿಧೇಯತೆಯಲ್ಲ. ಬೇರೆ ದೇಶದ ಪಾಠಪುಸ್ತಕ ಅನುವಾದಿಸಿದರೆ ಇದು ಬರುವುದಿಲ್ಲ.

‘ಅಪರಿಚಿತರ ಜೊತೆ ಮಾತಾಡಬೇಡ’ ಎಂದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಮಕ್ಕಳಿಗೆ ಕೆಡುಕು ಮಾಡುವವರಲ್ಲಿ ಪರಿಚಿತರೇ ಬಹಳ ಎಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದ ಡೇವಿಡ್ ಫಿಂಕೆಲ್‌ಹೋರ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಜೊತೆಗೆ, ವಾರದಿಂದ ದಿನವೂ ಆಟದಲ್ಲಿ ಸಿಗುವ ವ್ಯಕ್ತಿಯನ್ನು ಎಂಟು ವರ್ಷದ ಮಗು ಅಪರಿಚಿತನೆಂದು ಎಣಿಸುವುದಿಲ್ಲ. ಅವನು ಅದರ ಪಾಲಿಗೆ ಗೆಳೆಯ. ಆದ್ದರಿಂದ ಯಾರು ಎಂಬುದಕ್ಕಿಂತ ಏನು ಕೇಳುತ್ತಿದ್ದಾರೆ ಎಂಬುದನ್ನು ಮಗು ಗುರುತಿಸಬೇಕು. ಫೋಟೊ ಕೇಳಿದರೆ, ಮನೆಯಲ್ಲಿ ಯಾರಿದ್ದಾರೆಂದು ಕೇಳಿದರೆ, ‘ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳಬೇಡ’ ಎಂದರೆ, ಕೇಳಿದವರು ಯಾರೇ ಆಗಲಿ, ಅಮ್ಮನಿಗೆ ಹೇಳಬೇಕಾದ ಸಮಯ ಅದೇ.

ಮಕ್ಕಳು ಪರಸ್ಪರ ನೋಯಿಸುವುದು ನಮ್ಮಲ್ಲಿ ಇನ್ನೂ ಚರ್ಚೆಗೆ ಬಂದಿಲ್ಲ. ಸಹಪಾಠಿಯ ಫೋಟೊ ಕತ್ತರಿಸಿ ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿ ಗುಂಪಿಗೆ ಹಾಕಲು ಐದನೇ ತರಗತಿಯ ಹುಡುಗನಿಗೆ ನಿಮಿಷ ಸಾಕು. ಮೊದಲಾದರೆ ಅಡ್ಡಹೆಸರಿನ ಕಾಟ ಶಾಲೆಯ ಗೇಟಿನಲ್ಲಿ ನಿಲ್ಲುತ್ತಿತ್ತು, ಈಗ ಅದು ರಾತ್ರಿ ಊಟದ ಹೊತ್ತಿಗೆ ಮನೆಯೊಳಗೆ ಬರುತ್ತದೆ.

ವ್ಯಾಪಾರದ ಅಪಾಯಕ್ಕೆ ನಮ್ಮ ಮನೆಗಳು ಹೆಚ್ಚು ತೆರೆದುಕೊಂಡಿವೆ, ಯಾಕೆಂದರೆ ಫೋನೇ ಪರ್ಸು. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ತಮ್ಮ ಮನವೊಲಿಸಲು ಮಾಡಿದ್ದು ಎಂಬುದೇ ಸರಿಯಾಗಿ ತಿಳಿಯುವುದಿಲ್ಲ ಎಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2004ರಲ್ಲೇ ವರದಿ ಕೊಟ್ಟಿದೆ. ‘ಉಚಿತ ಡೈಮಂಡ್’ ಎಂದು ಹೊಳೆಯುವ ಗುಂಡಿಯನ್ನು ಅಂಥ ಮಗು ಒತ್ತದೆ ಇರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಇಲ್ಲಿ ಪಾಠಕ್ಕಿಂತ ಮೊದಲು ಬೇಕಾದದ್ದು ದೊಡ್ಡವರ ಕೆಲಸ: ಯುಪಿಐ ಪಿನ್ ಮಕ್ಕಳಿಗೆ ಹೇಳದಿರುವುದು, ಆ್ಯಪ್ ಸ್ಟೋರಿನ ಖರೀದಿಗೆ ಪಾಸ್‌ವರ್ಡ್ ಇಡುವುದು, ತಾನಾಗಿಯೇ ಮುಂದಿನ ವಿಡಿಯೊ ಬರುವುದನ್ನು ನಿಲ್ಲಿಸುವುದು. ಯಾರ ಮನೆಯಲ್ಲಾದರೂ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇದು.

ಜಗತ್ತು ಈವರೆಗೆ ಏನು ಮಾಡಿದೆ? ಮೊದಲ ದಾರಿ ವಯಸ್ಸಿನ ಬೇಲಿ. ಅಮೆರಿಕ 1998ರಲ್ಲಿ ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣೆಗೆ ಕಾಯ್ದೆ ತಂದು, 13 ವರ್ಷದೊಳಗಿನವರ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಕಡ್ಡಾಯ ಮಾಡಿತು. ಇವತ್ತು ಬಹುತೇಕ ಜಾಲತಾಣಗಳು 13 ವರ್ಷ ಎನ್ನುವುದರ ಮೂಲ ಅಲ್ಲಿದೆ. ಅದು ಮಗುವಿನ ಮನಸ್ಸಿನ ಬೆಳವಣಿಗೆ ಅಳೆದು ಹೇಳಿದ ಸಂಖ್ಯೆಯಲ್ಲ, ಒಂದು ದೇಶದ ಗ್ರಾಹಕ ಕಾನೂನಿನ ಸಂಖ್ಯೆ. ಅದೇ ಕಾಯ್ದೆಯಡಿ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆಸ್ಟ್ರೇಲಿಯ ಇನ್ನೂ ಮುಂದೆ ಹೋಗಿ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಕೊಡಬಾರದೆಂದು ಕಾಯ್ದೆ ಮಾಡಿತು. 2025ರ ಡಿಸೆಂಬರ್ 10ರಿಂದ ಅದು ಜಾರಿಯಲ್ಲಿದೆ, ತಪ್ಪಿದ ಕಂಪನಿಗೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡವಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸುತ್ತದೆ. ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು, ಅವರನ್ನು ಹಿಂಬಾಲಿಸುವ ಜಾಹೀರಾತು ಕೂಡದು, ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಈ ಕಾನೂನುಗಳು ಬೇಕು. ಕಂಪನಿಗಳ ಹೊಣೆಯನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕುವುದು ಅನ್ಯಾಯ. ಆದರೆ ಅಮ್ಮನ ಫೋನು ಹಿಡಿದ ಮಗುವಿಗೆ ವಯಸ್ಸಿನ ಬೇಲಿ ಅಡ್ಡ ಬರುವುದೇ ಇಲ್ಲ. ಕಂಪನಿಯ ಲೆಕ್ಕದಲ್ಲಿ ಅಲ್ಲಿ ಕೂತಿರುವುದು ಮೂವತ್ತೆರಡು ವರ್ಷದ ಹೆಂಗಸು. ಪೋಷಕರ ಒಪ್ಪಿಗೆ ಕೇಳುವ ಪ್ರಸಂಗವೇ ಹುಟ್ಟುವುದಿಲ್ಲ. ಹಂಚಿಕೊಂಡ ಫೋನಿನ ದೇಶದಲ್ಲಿ ಖಾತೆ ಲೆಕ್ಕದ ಕಾನೂನು ಅರ್ಧ ದಾರಿಗೇ ನಿಲ್ಲುತ್ತದೆ, ಉಳಿದ ಅರ್ಧವನ್ನು ಮನೆಯೂ ಶಾಲೆಯೂ ನಡೆಯಬೇಕು.

ಎರಡನೆಯ ದಾರಿ ಪಾಠ. ಇಂಗ್ಲೆಂಡಿನ 2014ರ ಕಂಪ್ಯೂಟಿಂಗ್ ಪಠ್ಯಕ್ರಮ ಐದರಿಂದ ಏಳು ವರ್ಷದ ಮಕ್ಕಳಿಗೇ ಎರಡು ಸಂಗತಿ ಕಲಿಸಬೇಕೆಂದು ವಿಧಿಸುತ್ತದೆ: ತಮ್ಮ ಮಾಹಿತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು, ಏನಾದರೂ ಕಳವಳವಾದರೆ ಯಾರ ಬಳಿ ಹೋಗಬೇಕೆಂದು ತಿಳಿದಿರುವುದು. ಅಲ್ಲಿನ ಅಪರಾಧ ತನಿಖಾ ಸಂಸ್ಥೆಯೇ ನಾಲ್ಕರಿಂದ ಏಳು ವರ್ಷದವರಿಗಾಗಿ ‘ಜೆಸ್ಸಿ ಆ್ಯಂಡ್ ಫ್ರೆಂಡ್ಸ್’ ಎಂಬ ಅನಿಮೇಷನ್ ಸರಣಿ ಮಾಡಿತು. ಆಸ್ಟ್ರೇಲಿಯ 2015ರಲ್ಲಿ ಮಕ್ಕಳ ಆನ್‌ಲೈನ್ ಸುರಕ್ಷತೆಗೆಂದೇ ಒಬ್ಬ ಆಯುಕ್ತರನ್ನು ನೇಮಿಸಿತು. ಆ ಕಚೇರಿ ಐದರಿಂದ ಎಂಟು ವರ್ಷದ ಮಕ್ಕಳಿಗೆ ಅಲ್ಲಿನ ಕಾಡುಪ್ರಾಣಿಗಳನ್ನೇ ನಾಯಕರನ್ನಾಗಿಸಿ ಪಾಠ ಹೆಣೆದಿದೆ. ತಮ್ಮ ನೆಲದ ಪ್ರಾಣಿ, ತಮ್ಮ ನೆಲದ ಮಾತು. ನಮ್ಮಲ್ಲಿ 2018ರಲ್ಲಿ ಕೇಂದ್ರ ಗೃಹ ಸಚಿವಾಲಯ ವಿದ್ಯಾರ್ಥಿಗಳಿಗೆ ಕೈಪಿಡಿ ಹೊರತಂದಿತು, 2020ರಲ್ಲಿ ಎನ್‌ಸಿಇಆರ್‌ಟಿ ಮತ್ತು ಯುನೆಸ್ಕೊ ಸೇರಿ ಸುರಕ್ಷಿತ ಆನ್‌ಲೈನ್ ಕಲಿಕೆಯ ಪುಸ್ತಿಕೆ ಮಾಡಿದವು. ಒಳ್ಳೆಯ ಕೆಲಸಗಳೇ. ಆದರೆ ಇಂಥವುಗಳಲ್ಲಿ ಹೆಚ್ಚಿನವು ಹದಿಹರೆಯದವರನ್ನೂ ಶಿಕ್ಷಕರನ್ನೂ ಮನಸ್ಸಿನಲ್ಲಿಟ್ಟು ಬರೆದವು. ಎರಡನೇ ತರಗತಿಯ ಮಗುವಿನ ಮಟ್ಟಕ್ಕೆ ಬಗ್ಗಿದ ಕನ್ನಡ ಪಾಠ ಇನ್ನೂ ವಿರಳ.

ಪಾಠ ಮಾಡಿದರೆ ಪ್ರಯೋಜನವಾಗುತ್ತದೆಯೇ? ಹೇಗೆ ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಫಿಂಕೆಲ್‌ಹೋರ್ ಮತ್ತು ಸಂಗಡಿಗರು ಅಮೆರಿಕದ ಇಂಟರ್‌ನೆಟ್ ಸುರಕ್ಷತಾ ಕಾರ್ಯಕ್ರಮಗಳನ್ನು ಪರಿಶೀಲಿಸಿ ಕಂಡದ್ದು ನಿರಾಶಾದಾಯಕ ಚಿತ್ರ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಭಯ ಹುಟ್ಟಿಸುವ ಕಥೆ ಹೇಳಿ, ‘ಮಾಡಬೇಡಿ’ಗಳ ಪಟ್ಟಿ ಓದಿಸುವ ಕಾರ್ಯಕ್ರಮಗಳೇ ಬಹಳ, ಇಂಥವುಗಳಿಂದ ನಡವಳಿಕೆ ಬದಲಾಗುವ ಪುರಾವೆ ಕಡಿಮೆ. ಮತ್ತೆ ಮತ್ತೆ ನಡೆಯುವ, ಮಕ್ಕಳೇ ಅಭಿನಯಿಸಿ ಅಭ್ಯಾಸ ಮಾಡುವ, ಸಿಟ್ಟು, ನಾಚಿಕೆ, ಸ್ನೇಹ, ಸಹಾಯ ಕೇಳುವಿಕೆಯಂಥ ಬದುಕಿನ ಕೌಶಲಗಳ ಜೊತೆ ಬೆರೆತ ಪಾಠಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಲೈಂಗಿಕ ದೌರ್ಜನ್ಯ ತಡೆಯುವ ಶಾಲಾ ಪಾಠಗಳ ಬಗ್ಗೆ 2015ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆ 24 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಮಕ್ಕಳ ತಿಳಿವಳಿಕೆಯೂ ತಮ್ಮನ್ನು ಕಾಪಾಡಿಕೊಳ್ಳುವ ಕೌಶಲವೂ ಹೆಚ್ಚಿದ್ದು ಕಂಡಿತು, ಪಾಠದಿಂದ ಮಕ್ಕಳಲ್ಲಿ ಆತಂಕ ಹೆಚ್ಚಿದ್ದು ಕಾಣಲಿಲ್ಲ. ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಿ ಹೆದರಿಸುತ್ತೀರಿ ಎನ್ನುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಹೆದರಿಸುವುದೇ ಸುರಕ್ಷತೆ ಎಂದು ತಿಳಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2017ರಲ್ಲಿ ‘ಬ್ಲೂ ವೇಲ್’ ಆಟದ ಭೀತಿ ದೇಶವನ್ನೇ ಆವರಿಸಿತು. ಶಾಲೆಗಳು ಸುತ್ತೋಲೆ ಕಳಿಸಿದವು, ಚಾನೆಲ್‌ಗಳು ರಾತ್ರಿಯಿಡೀ ಕೂಗಿದವು. ಆ ಆಟದಿಂದ ಸಾವಾಗಿದೆ ಎನ್ನಲು ಪುರಾವೆ ಸಿಗಲಿಲ್ಲವೆಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. ಕರಾಚಿಯ ಸಂಸ್ಥೆಯೊಂದು ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಮಾಡಿದ ಜಾಗೃತಿ ಚಿತ್ರದ ಕೊನೆಯ ಭಾಗ ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪಿನಲ್ಲಿ ಹರಿಬಿಟ್ಟರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡದ ಮೇಲೆ ಗುಂಪು ಎರಗಿತು, ಹೈದರಾಬಾದಿನ ಎಂಜಿನಿಯರೊಬ್ಬರು ಸತ್ತರು. ಮಕ್ಕಳನ್ನು ಕಾಪಾಡಲೆಂದು ತೆಗೆದ ಚಿತ್ರದ ತುಂಡೊಂದು ಮನುಷ್ಯರ ಸಾವಿಗೆ ಕಾರಣವಾಯಿತು. ‘ಇದು ನಿಜವೇ? ಯಾರು ಹೇಳಿದ್ದು?’ ಎಂದು ಕೇಳುವುದನ್ನು ನಾಲ್ಕನೇ ತರಗತಿಯಲ್ಲೇ ಕಲಿಸಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಮುರ್ಕಿಗಿಂತ ಬೇರೆ ಕಾರಣ ಬೇಕಿಲ್ಲ. ದೊಡ್ಡವರು ಅದನ್ನು ಕಲಿತಿರಲಿಲ್ಲ.

ಇನ್ನು ನಮ್ಮ ಶಾಲೆಗಳಲ್ಲಿ ಇದು ಹೇಗೆ ಸಾಧ್ಯ? ಹೊಸ ಲ್ಯಾಬು ಬೇಡ, ಟ್ಯಾಬು ಬೇಡ, ಇನ್ನೊಂದು ಪಠ್ಯಪುಸ್ತಕವೂ ಬೇಡ. ಕರ್ನಾಟಕದ ಕೈಯಲ್ಲಿ ಈಗಾಗಲೇ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಆರಂಭಿಸಿದ ಈ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಹಾಡು, ಕಥೆ, ಆಟಗಳ ಮೂಲಕ ಕಲಿಕಾ ಏಣಿಯ ಮೈಲಿಗಲ್ಲುಗಳನ್ನು ತಮ್ಮ ವೇಗದಲ್ಲಿ ಹತ್ತುತ್ತಾರೆ. ಸಂಶೋಧಕರು ಪರಿಣಾಮಕಾರಿ ಎನ್ನುವ ಎಲ್ಲವೂ, ಪುನರಾವರ್ತನೆ, ಅಭಿನಯ, ಚಿಕ್ಕ ಗುಂಪು, ಈ ಪದ್ಧತಿಯ ಒಳಗೇ ಇವೆ. ಪರಿಸರ ಅಧ್ಯಯನದ ಏಣಿಯಲ್ಲಿ ಮನೆ, ನೀರು, ಆಹಾರ, ಸಂಚಾರ ಇರುವಂತೆ ಫೋನೂ ಒಂದು ಮೈಲಿಗಲ್ಲಾದರೆ ಸಾಕು.

ಒಂದನೇ ತರಗತಿಯ ಮಗುವಿಗೆ ಬೇಕಾದದ್ದು ಒಂದೇ ಅಭ್ಯಾಸ. ಹೊಟ್ಟೆಯಲ್ಲಿ ಹೇಗೋ ಆಗುವಂಥದ್ದು ಕಂಡರೆ ಫೋನು ಮಗುಚಿ ಹಾಕು, ಹೋಗಿ ದೊಡ್ಡವರಿಗೆ ಹೇಳು. ಇದನ್ನು ರಟ್ಟಿನ ಫೋನು ಇಟ್ಟುಕೊಂಡು ಮಕ್ಕಳು ಮತ್ತೆ ಮತ್ತೆ ಆಡಬೇಕು, ಕೈಗೆ ರೂಢಿಯಾಗುವಷ್ಟು ಆಡಬೇಕು. ಎರಡನೆಯ, ಮೂರನೆಯ ತರಗತಿಯಲ್ಲಿ ಗುಟ್ಟಿನ ಪಾಠ: ತಂಗಿಯ ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಖುಷಿ ಕೊಡುತ್ತದೆ, ನಾಳೆ ಬಯಲಾಗುತ್ತದೆ. ಹೇಳಿದರೆ ಕೆಟ್ಟದಾಗುತ್ತದೆ ಎಂದು ಯಾರೋ ಹೆದರಿಸಿ ಇಡಿಸಿದ ಗುಟ್ಟು ಹೊಟ್ಟೆಯಲ್ಲಿ ಭಾರವಾಗುತ್ತದೆ, ಅದನ್ನು ಇಟ್ಟುಕೊಳ್ಳಬೇಕಾಗಿಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ಇಬ್ಬರು ಸ್ತ್ರೀರೋಗ ತಜ್ಞೆಯರು ಕಟ್ಟಿದ ಎನ್‌ಫೋಲ್ಡ್ ಸಂಸ್ಥೆ ಮಕ್ಕಳ ವೈಯಕ್ತಿಕ ಸುರಕ್ಷತೆಯ ಪಾಠಗಳಲ್ಲಿ ಎರಡು ದಶಕದ ಅನುಭವ ಪಡೆದಿದೆ. ಆನ್‌ಲೈನ್ ಪಾಠ ಆ ಅನುಭವದ ಮುಂದುವರಿಕೆಯಾಗಬೇಕೇ ಹೊರತು ಕಂಪ್ಯೂಟರ್ ವಿಷಯದ ಬಾಲವಾಗಬಾರದು. ಮೈಗೂ ಪರದೆಗೂ ಬೇರೆ ಬೇರೆ ಪಾಠ ಮಾಡಿದರೆ ಮಗುವಿಗೆ ಅವೆರಡೂ ಒಂದೇ ಎಂದು ತಿಳಿಯುವುದಿಲ್ಲ.

ನಾಲ್ಕು, ಐದನೇ ತರಗತಿಗೆ ಬಂದವರು ಹೆಚ್ಚಿನದನ್ನು ನಿಭಾಯಿಸಬಲ್ಲರು. ಜಾಹೀರಾತು ಗುರುತಿಸುವುದು, ಒಟಿಪಿ ಯಾರಿಗೂ ಓದಿ ಹೇಳದಿರುವುದು, ಗೆಳೆಯನ ಫೋಟೊ ಹಾಕುವ ಮೊದಲು ಅವನನ್ನು ಕೇಳುವುದು, ಬ್ಲಾಕ್ ಮಾಡುವುದು, ಕೆಟ್ಟ ಸಂದೇಶ ಬಂದರೆ ಅಳಿಸದೆ ಹಿರಿಯರಿಗೆ ತೋರಿಸುವುದು. ಕೃತಕ ಬುದ್ಧಿಮತ್ತೆ ಇಲ್ಲದ ಚಿತ್ರವನ್ನೂ ದನಿಯನ್ನೂ ಹುಟ್ಟಿಸುತ್ತದೆ ಎಂಬುದನ್ನು ಈ ವಯಸ್ಸಿನ ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ಮನೆಯ ಅಜ್ಜಿಗೆ ಬಂದ ಸುಳ್ಳು ಲಿಂಕನ್ನು ಒತ್ತದಂತೆ ತಡೆಯುವ ಶಕ್ತಿಯೂ ಇವರಿಗಿದೆ. ಅದನ್ನು ಗೌರವಿಸಿ ಕಲಿಸಬೇಕು.

ಶಾಲೆಯೇ ಮೊದಲು ಪಾಲಿಸಬೇಕಾದ ಒಂದು ನಿಯಮವಿದೆ. ಬಿಸಿಯೂಟದಿಂದ ಹಿಡಿದು ಪ್ರತಿಭಾ ಕಾರಂಜಿಯವರೆಗೆ ಪ್ರತಿಯೊಂದಕ್ಕೂ ಫೋಟೊ ತೆಗೆದು ಗುಂಪುಗಳಿಗೆ ಹಾಕುವ ರೂಢಿ ಬೆಳೆದಿದೆ. ಮಗುವಿನ ಮುಖ, ಹೆಸರು, ಶಾಲೆ, ಊರು ಎಲ್ಲ ಒಂದೇ ಚಿತ್ರದಲ್ಲಿ ನೂರಾರು ಫೋನುಗಳಿಗೆ ಹೋಗುತ್ತವೆ. ಬೆಳಿಗ್ಗೆ ಹಾಗೆ ಹಾಕಿ ಮಧ್ಯಾಹ್ನ ‘ನಿನ್ನ ಫೋಟೊ ಯಾರಿಗೂ ಕಳಿಸಬೇಡ’ ಎಂದು ಪಾಠ ಮಾಡಿದರೆ ಮಗು ನಂಬುವುದಿಲ್ಲ. ತಂದೆ ತಾಯಿಯರ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಇದೇ ಮಾತು. ಮಗುವನ್ನು ಕೇಳಿ ಫೋಟೊ ಹಾಕುವ ಮನೆಯ ಮಗು ತಾನೂ ಕೇಳುವುದನ್ನು ಕಲಿಯುತ್ತದೆ.

ಇಷ್ಟೆಲ್ಲ ಪಾಠಗಳು ಒಂದೇ ಒಂದು ಕಂಬದ ಮೇಲೆ ನಿಂತಿವೆ: ಮಗು ಬಂದು ಹೇಳಬೇಕು. ಮಕ್ಕಳು ಯಾಕೆ ಹೇಳುವುದಿಲ್ಲ? ಬೈಯುತ್ತಾರೆ, ಹೊಡೆಯುತ್ತಾರೆ, ಎಲ್ಲಕ್ಕಿಂತ ಮೇಲಾಗಿ ಫೋನು ಕಸಿದುಕೊಳ್ಳುತ್ತಾರೆ. ‘ನಿನಗೆ ಯಾರು ಫೋನು ಮುಟ್ಟು ಅಂದದ್ದು?’ ಎಂಬುದು ನಮ್ಮ ಮೊದಲ ಮಾತಾದರೆ ಮಗು ಎರಡನೆಯ ಸಲ ಬರುವುದಿಲ್ಲ. ಹೆದರಿಸಿ ಚಿತ್ರ ಕೇಳುವ ದುಷ್ಟರಿಗೆ ಈ ಸತ್ಯ ಚೆನ್ನಾಗಿ ಗೊತ್ತು, ‘ನಿನ್ನಪ್ಪನಿಗೆ ಹೇಳ್ತೀನಿ’ ಎಂಬುದೇ ಅವರ ಆಯುಧ. ಮನೆಯಲ್ಲಿ ಬೈಗುಳದ ಭಯವಿಲ್ಲದ ಮಗುವಿನ ಮುಂದೆ ಆ ಆಯುಧ ನಡೆಯುವುದಿಲ್ಲ. ಇಡೀ ಪ್ರಶ್ನೆಯನ್ನು ಸುತ್ತಿ ನೋಡಿದ ಮೇಲೆ ನನಗೆ ಖಚಿತವಾದದ್ದು ಇದು. ಯಾವ ಆ್ಯಪಿಗಿಂತಲೂ, ಯಾವ ಬೇಲಿಗಿಂತಲೂ ದೊಡ್ಡ ರಕ್ಷಣೆ ಬೈಯದೆ ಕೇಳುವ ಒಬ್ಬ ಹಿರಿಯ ಜೀವ.

ಹೇಳಿದ ಮೇಲೆ ಏನು ಮಾಡಬೇಕೆಂಬುದೂ ಹಿರಿಯರಿಗೆ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098. ಸೈಬರ್ ವಂಚನೆಗೆ 1930. ತುರ್ತಿಗೆ 112. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾದದ್ದು. ಮಗುವಿನ ಮೇಲೆ ಲೈಂಗಿಕ ಅಪರಾಧವಾದದ್ದು ಗೊತ್ತಾದರೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಎಲ್ಲರ ಕರ್ತವ್ಯ, ಶಾಲೆಯ ಮರ್ಯಾದೆ ಎಂದು ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಶೋಷಣೆಯ ಚಿತ್ರ ಇಟ್ಟುಕೊಳ್ಳುವುದೂ ನೋಡುವುದೂ ಅಪರಾಧವೆಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಆದ್ದರಿಂದ ‘ನೋಡಿ, ಹೀಗಾಗಿದೆ’ ಎಂದು ಅಂಥ ಚಿತ್ರವನ್ನು ಎಚ್ಚರಿಕೆಗೆಂದೂ ಗುಂಪಿಗೆ ಕಳಿಸಬಾರದು, ನೇರ ಪೊಲೀಸರಿಗೆ ಹೋಗಬೇಕು. ಪರದೆ ಬಿಡಲಾಗದ ಮಕ್ಕಳಿಗೆ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಎಂಬ ಚಿಕಿತ್ಸಾ ವಿಭಾಗ ನಡೆಯುತ್ತಿದೆ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ದೊಡ್ಡದಲ್ಲ. ನಲಿ-ಕಲಿಯ ಏಣಿಗೆ ನಾಲ್ಕಾರು ಕಾರ್ಡು ಸೇರಿಸಿ, ಅವನ್ನು ಅನುವಾದಿಸಬೇಡಿ, ನಮ್ಮ ಶಿಕ್ಷಕರಿಂದಲೇ ಬರೆಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವರ್ಷಕ್ಕೆ ಎರಡು ಸಲ ತಾಯಂದಿರ ಫೋನುಗಳನ್ನೇ ತೆರೆಸಿ ಸೆಟ್ಟಿಂಗ್ ಬದಲಿಸಿಕೊಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನೂ ಈ ಕೆಲಸಕ್ಕೆ ಬಳಸಿ. ಬಿಸಿಯೂಟದ ವಾರದ ಪಟ್ಟಿ ಬರೆದ ಗೋಡೆಯ ಮೇಲೆ, ಒಂದನೇ ತರಗತಿಯ ಮಗುವಿನ ಕಣ್ಣೆತ್ತರಕ್ಕೆ, 1098 ಎಂದು ದಪ್ಪಕ್ಷರದಲ್ಲಿ ಬರೆಸಿ. ತಂದೆ ತಾಯಿಯರೇ, ಇವತ್ತು ರಾತ್ರಿಯೇ ನಿಮ್ಮ ಮಗುವಿಗೆ ಹೇಳಿ: ಫೋನಿನಲ್ಲಿ ಏನೇ ಕಂಡರೂ, ಯಾರೇ ಏನೇ ಕೇಳಿದರೂ, ನೀನೇ ಏನಾದರೂ ತಪ್ಪು ಒತ್ತಿದ್ದರೂ ನನಗೆ ಹೇಳು, ನಾನು ಬೈಯುವುದಿಲ್ಲ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ.